ಒಂದೇ ಹೆಸರಿನ ಎರಡು ರಕ್ತ

ಫೆಬ್ರವರಿ ೩. ಧ್ವನಿ.

…ಅದೂ ಸಾಲದು ಅಂತ ಎರಡನೇ ಬಾಯ್ಲರಿನ ವಾಲ್ವ್ ಮತ್ತೆ ಸೋರೋಕೆ ಶುರು ಮಾಡ್ತು ಅತ್ತಿಗೆ. ಬೆಳಿಗ್ಗೆಯಿಂದ ಮೂರು ಸಲ ಬಿಗಿ ಮಾಡ್ದೆ. ನಮ್ಮ ಮೇಲ್ವಿಚಾರಕ, ಅದೇ ಮೀಸೆ, ಪಕ್ಕದಲ್ಲಿ ಬಂದು ನಿಂತ್ಕೊಂಡು, "ಸರ್ಟಿಫಿಕೇಟಲ್ಲಿ ಮೊದಲನೇ ದರ್ಜೆ ಅಂತಿದೆ, ಒಂದು ವಾಲ್ವ್ ನಿಲ್ಸೋಕೆ ಬರಲ್ವಾ" ಅಂತಾನೆ. ಮೊದಲನೇ ದರ್ಜೆ ನಮ್ಮಣ್ಣಂದು ಸ್ವಾಮಿ, ನಂದಲ್ಲ ಅಂತ ನಾಲಿಗೆ ತುದೀವರೆಗೂ ಬಂತು. ನುಂಗ್ಕೊಂಡೆ. ನಾಲ್ಕು ವರ್ಷದಿಂದ ನುಂಗ್ತಾನೇ ಇದೀನಲ್ಲ. ಅಣ್ಣನ ಸರ್ಟಿಫಿಕೇಟು, ಅಣ್ಣನ ಹೆಸರು, ಅಣ್ಣನ ಹುಟ್ಟಿದ ತಾರೀಕು, ಮೇಲೆ ಅಂಟಿಸಿದ ಮುಖ ಮಾತ್ರ ನಂದು. ಈ ಪರದೇಶದಲ್ಲಿ ಎಲ್ಲರೂ ನನ್ನ ಅಣ್ಣನ ಹೆಸರಲ್ಲೇ ಕರೀತಾರೆ. ಮೊನ್ನೆ ಯಾರೋ ಬೀದೀಲಿ ನನ್ನ ನಿಜವಾದ ಹೆಸರು ಕೂಗಿದ್ರು, ಇನ್ಯಾರನ್ನೋ. ನಾನು ತಿರುಗೇ ನೋಡ್ಲಿಲ್ಲ.

ಹೂಂ, ಹೊಟ್ಟೆ ಉರಿ ತೋಡ್ಕೊಳೋಕೆ ಅಲ್ಲ ಮಾತಾಡಿದ್ದು. ನಿಮ್ಮ ಮಗಳು ಹೇಗಿದಾಳೆ, ನಮ್ಮ ಕಡ್ಡಿ? ಕೆಮ್ಮು ನಿಂತಿತಾ? ನೀವು ಕಳಿಸಿದ ಫೋಟೊ ಇಸ್ತ್ರಿಗೆ ತೋರಿಸ್ದೆ. ಇಸ್ತ್ರಿ ಅಂದ್ರೆ ಗೊತ್ತಲ್ಲ, ನಮ್ಮ ಲಾಂಡ್ರೀಲಿ ಆಸ್ಪತ್ರೆ ಹಾಸಿಗೆ ಬಟ್ಟೆಗಳನ್ನ ಇಸ್ತ್ರಿ ಮಾಡೋ ದೊಡ್ಡ ರೋಲರಿಗೆ ಕೊಡೋಳು, ಈಗ ಎರಡು ವರ್ಷದಿಂದ ನನ್ನ ಜೊತೆ ಒಂದೇ ರೂಮಲ್ಲಿರೋಳು. ಅವಳು ಫೋಟೊ ನೋಡಿ, "ನಾಲ್ಕು ವರ್ಷದ ಮಗುನಾ ಇದು, ಎರಡು ವರ್ಷದ್ದಿರಬೇಕು" ಅಂದ್ಲು. ಅದಕ್ಕೇ ಕಡ್ಡಿ ಅನ್ನೋದು ಅಂದೆ. ನಕ್ಕಳು. ಆಮೇಲೆ ತುಂಬಾ ಹೊತ್ತು ಫೋಟೊ ವಾಪಸ್ ಕೊಡ್ಲಿಲ್ಲ.

ನಂಗೆ ಸ್ವಲ್ಪ ಸೊಂಟ ನೋವು. ಆಸ್ಪತ್ರೆಗೆ ಒಂದೆರಡು ಸಲ ಹೋಗಿಬಂದೆ. ಏನಿಲ್ಲ ಅಂದ್ರು. ಅಣ್ಣಂಗೆ ಹೇಳಬೇಡಿ, ಅವನು ಸುಮ್ನೆ ಗಾಬರಿ ಬೀಳ್ತಾನೆ.

ಫೆಬ್ರವರಿ ೮. ಕಾಗದದಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ್ದು.

ಪ್ರೀತಿಯ ಮೈದುನನಿಗೆ,

ನೀನು ಪ್ರತಿ ಸಲ "ಬರೆಯೋದ್ಯಾಕೆ ಅತ್ತಿಗೆ, ಒಂದು ಗುಂಡಿ ಒತ್ತಿ ಮಾತಾಡಿ" ಎನ್ನುತ್ತೀಯ. ಬಾಯಿ ಬಿಟ್ಟರೆ ನನಗೆ ಅಳು ಬರುತ್ತದೆ. ಬರೆದರೆ ಬರುವುದಿಲ್ಲ. ಅಷ್ಟೇ ಕಾರಣ.

ಕಡ್ಡಿಯ ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು. ದೊಡ್ಡ ಆಸ್ಪತ್ರೆಯಲ್ಲಿ ಅವಳ ತೋಳಿಗೆ ಒಂದು ಪುಟ್ಟ ಯಂತ್ರ ಕಟ್ಟಿ, ಅರ್ಧ ಗಂಟೆ ಬೆವರು ಬರಿಸಿ, ಆ ಬೆವರನ್ನು ಅಳೆದರು. ಅದರಲ್ಲಿ ಉಪ್ಪು ಇರಬೇಕಾದ್ದಕ್ಕಿಂತ ಎರಡು ಪಟ್ಟು ಇತ್ತಂತೆ. ಅವಳ ಹಣೆಗೆ ಮುತ್ತಿಟ್ಟಾಗಲೆಲ್ಲ ಉಪ್ಪುಪ್ಪು ಎಂದು ನಾನು ನಾಲ್ಕು ವರ್ಷದಿಂದ ಹೇಳುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮಣ್ಣ, "ಉಪ್ಪಿನ ಮೂಟೆ ಹಾಗೆ ಬೆನ್ನಿಗೆ ಹಾಕ್ಕೊಂಡು ತಿರುಗೋಕಾದ್ರೂ ಬರುತ್ತಲ್ಲ" ಎಂದು ನಗಿಸುತ್ತಿದ್ದರು.

ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಎದೆಯೊಳಗಿನ ಕಫ ಗೋಂದಿನ ಹಾಗೆ ಗಟ್ಟಿಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ತಂದೆಯಿಂದ ಒಂದು ತಪ್ಪು, ತಾಯಿಯಿಂದ ಒಂದು ತಪ್ಪು, ಎರಡೂ ಮಗುವಿನಲ್ಲಿ ಸೇರಿದರೆ ಬರುವಂಥದ್ದು. ಒಂದೇ ತಪ್ಪಿರುವವರಿಗೆ ಏನೂ ಆಗುವುದಿಲ್ಲ, ಜೀವನವಿಡೀ ಗೊತ್ತೇ ಆಗುವುದಿಲ್ಲ. ನಾವಿಬ್ಬರೂ ಹಾಗೆ ಗೊತ್ತಿಲ್ಲದೆ ಬದುಕಿದವರು.

ಒಂದು ದಾರಿ ಇದೆ. ಹೊಸ ಮಾತ್ರೆಯೊಂದನ್ನು ಸಣ್ಣ ಮಕ್ಕಳ ಮೇಲೆ ಪರೀಕ್ಷಿಸುತ್ತಿದ್ದಾರೆ. ಸೇರಿದ ಮಕ್ಕಳ ತೂಕ ಮೂರೇ ತಿಂಗಳಲ್ಲಿ ಏರಿದೆಯಂತೆ. ಏಪ್ರಿಲ್ ಹತ್ತಕ್ಕೆ ಸೇರಿಸಿಕೊಳ್ಳುವುದು ಮುಗಿಯುತ್ತದೆ. ಮಗುವಿನ ಎರಡು ತಪ್ಪುಗಳಲ್ಲಿ ಒಂದು ತಂದೆಯದು, ಒಂದು ತಾಯಿಯದು ಎಂದು ರಕ್ತದಲ್ಲಿ ಖಾತ್ರಿಯಾಗಬೇಕು. ಅದಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಮೊನ್ನೆ ನಮ್ಮಿಬ್ಬರ ರಕ್ತ ತೆಗೆದರು. ನೀನಿರುವ ದೇಶದ ಸಂಶೋಧನಾ ಕೇಂದ್ರಕ್ಕೇ ಹೋಗುತ್ತದಂತೆ. "ನಮ್ಮ ರಕ್ತವಾದ್ರೂ ಅಲ್ಲಿಗೆ ಹೋಯ್ತಲ್ಲ" ಎಂದರು ನಿಮ್ಮಣ್ಣ.

ತೂಕ ಹತ್ತೂವರೆ ಕಿಲೋ. ದಿನಕ್ಕೆ ಎರಡು ಸಲ ಅವಳನ್ನು ಮಡಿಲಲ್ಲಿ ಬೋರಲು ಮಲಗಿಸಿ, ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಬೆನ್ನು ತಟ್ಟುತ್ತೇವೆ, ಬೆಳಿಗ್ಗೆ ನಿಮ್ಮಣ್ಣ, ರಾತ್ರಿ ನಾನು, ಕಫ ಸಡಿಲವಾಗಲಿ ಎಂದು. "ಅಮ್ಮಾ, ನಾನು ಬಾಗಿಲಾ" ಎಂದು ಕೇಳುತ್ತಾಳೆ.

ನಿನ್ನ ಸೊಂಟ ಹೇಗಿದೆ?

ಇಂತಿ ನಿನ್ನ ಅತ್ತಿಗೆ

ಫೆಬ್ರವರಿ ೯. ಧ್ವನಿ.

ಅತ್ತಿಗೆ, ಓದ್ದೆ. ಎರಡು ಸಲ ಓದ್ದೆ. ಬಾಯ್ಲರ್ ಪಕ್ಕದಲ್ಲೇ ನಿಂತು ಓದ್ತಿದ್ದೆ, ಒತ್ತಡದ ಮುಳ್ಳು ಕೆಂಪಿಗೆ ಹೋಗಿದ್ದೂ ಗೊತ್ತಾಗ್ಲಿಲ್ಲ. ಮೀಸೆ ಬಂದು ಕಿರುಚಿದ್ಮೇಲೆ ಆವಿ ಬಿಟ್ಟೆ.

ಒಂದು ಮಾತು ಕೇಳ್ಲಾ? ಅಣ್ಣನ ರಕ್ತ ಯಾವ ಹೆಸರಲ್ಲಿ ಕೊಟ್ರಿ? ಅಲ್ಲ, ಅವನದೇ ಹೆಸರಲ್ಲಿ ಕೊಟ್ಟಿರ್ತೀರಿ, ನಂಗೊತ್ತು. ಹುಟ್ಟಿದ ತಾರೀಕೂ ಬರೆಸ್ಕೊಂಡ್ರಾ? ಸುಮ್ನೆ ಕೇಳ್ದೆ. ಇಲ್ಲಿ ಆಸ್ಪತ್ರೆಯೋರು ಪ್ರತಿಯೊಂದಕ್ಕೂ ತಾರೀಕು ಕೇಳ್ತಾರೆ, ಅದಕ್ಕೆ.

ಕಡ್ಡಿಗೆ ಹೇಳಿ, ಬಾಗಿಲಲ್ಲ, ನೀನು ಡೋಲು ಅಂತ. ಚಿಕ್ಕಪ್ಪ ಹೇಳಿದ್ದು ಅಂತ ಹೇಳಿ. ಸೊಂಟ ವಾಸಿ ಆಯ್ತು. ಇಡ್ತೀನಿ.

ಫೆಬ್ರವರಿ ೨೭. ಕಾಗದದಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ್ದು.

ಪ್ರೀತಿಯ ಮೈದುನನಿಗೆ,

ಹದಿನೆಂಟು ದಿನವಾಯಿತು ನಿನ್ನ ದನಿ ಕೇಳಿ. ಕೆಲಸ ಹೆಚ್ಚಿರಬೇಕು ಅಂದುಕೊಂಡಿದ್ದೇನೆ.

ಕಡ್ಡಿಯ ಕಡತ ನಿಂತುಬಿಟ್ಟಿದೆ. ನನ್ನ ರಕ್ತ ಸರಿ ಬಂತು, ಮಗುವಿನದೂ ಸರಿ ಬಂತು. ತಂದೆಯದು ಮಾತ್ರ ಎರಡೆರಡು ಇದೆಯಂತೆ. ಅದೇ ಹೆಸರು, ಅದೇ ಹುಟ್ಟಿದ ತಾರೀಕು, ಅದೇ ಊರು, ಆದರೆ ರಕ್ತ ಬೇರೆ. ಒಂದು ನಾವು ಕೊಟ್ಟದ್ದು, ಇನ್ನೊಂದು ಜನವರಿಯಲ್ಲಿ ಅಲ್ಲೇ ತೆಗೆದದ್ದು. ಒಬ್ಬ ಮನುಷ್ಯನಿಗೆ ಎರಡು ರಕ್ತ ಇರಲು ಸಾಧ್ಯವಿಲ್ಲ, ಎಲ್ಲೋ ಶೀಸೆ ಅದಲುಬದಲಾಗಿದೆ ಎಂದು ಕಂಪ್ಯೂಟರ್ ಬೀಗ ಹಾಕಿಕೊಂಡಿದೆ. ಯಾರು ಯಾರೆಂದು ಲಿಖಿತವಾಗಿ ಇತ್ಯರ್ಥವಾಗುವವರೆಗೆ ಮುಂದೆ ಹೋಗುವುದಿಲ್ಲ.

ನಿಮ್ಮಣ್ಣ ಮತ್ತೆ ಹೋಗಿ ಕೈ ಚಾಚಿ, "ಇನ್ನೊಂದು ಸಲ ತೆಗೀರಿ, ಎದುರಿಗೇ ಕೂತಿರ್ತೀನಿ" ಎಂದರು. ತೆಗೆದರು. ಮತ್ತೆ ಅದೇ ಉತ್ತರ. ಈಗ ಅಲ್ಲಿರುವುದನ್ನು ಯಾರು ಕೊಟ್ಟರು ಎಂಬುದೇ ಪ್ರಶ್ನೆ.

ನಿನ್ನನ್ನು ನೇರವಾಗಿ ಕೇಳುತ್ತೇನೆ. ಜನವರಿಯಲ್ಲಿ ನೀನು ರಕ್ತ ಕೊಟ್ಟೆಯಾ? ಯಾಕೆ ಕೊಟ್ಟೆ?

ಕಡ್ಡಿ ಹತ್ತು ಕಿಲೋ ಇನ್ನೂರು. ಇನ್ನೂ ಬರೆಯುವುದಿತ್ತು. ಆಮೇಲೆ ಬರೆಯುತ್ತೇನೆ.

ಅತ್ತಿಗೆ

ಮಾರ್ಚ್ ೧. ಧ್ವನಿ.

ಹೂಂ ಅತ್ತಿಗೆ, ಕೊಟ್ಟಿದ್ದೆ. ಕಂಪನಿಯೋರು ವರ್ಷಕ್ಕೊಂದು ಸಲ ತಪಾಸಣೆ ಮಾಡಿಸ್ತಾರಲ್ಲ, ಅದರಲ್ಲಿ ತೆಗೆದಿರಬೇಕು. ಅದು ಹೇಗೆ ಅಲ್ಲಿಗೆ ಹೋಯ್ತೋ ನಂಗೇನು ಗೊತ್ತು. ಇಲ್ಲಿ ಎಲ್ಲ ಒಂದಕ್ಕೊಂದು ಅಂಟ್ಕೊಂಡಿದೆ. ನಿಮ್ಮ ಕಡೆ ಆಸ್ಪತ್ರೇಲಿ ಸ್ವಲ್ಪ ಜೋರು ಮಾಡಿ, ಅದು ಯಾರದೋ ಬೇರೆಯವರದು, ಅಳಿಸಿಹಾಕಿ ಅನ್ನಿ. ಲ್ಯಾಬುಗಳಲ್ಲಿ ದಿನಾ ನೂರು ತಪ್ಪಾಗುತ್ತೆ. ಸ್ವಲ್ಪ ಕಾದರೆ ತಾನಾಗೇ ಸರಿ ಹೋಗುತ್ತೆ.

ನಂಗೆ ನಿದ್ದೆ ಬರ್ತಿಲ್ಲ, ಅದಕ್ಕೇ ಮಾತು ಅಡ್ಡಾದಿಡ್ಡಿ ಆಗ್ತಿದೆ. ಇಸ್ತ್ರಿ ಮಲಗಿದಾಳೆ. ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ, ಮೇಲಿನ ಮನೆಯೋನು ಬಾಗಿಲು ತೆಗೆದು ಕೆಕ್ಕರಿಸಿ ನೋಡಿ ಹೋದ.

ಏನೋ ಬರೆಯೋದಿತ್ತು ಅಂದ್ರಲ್ಲ, ಏನದು?

ಮಾರ್ಚ್ ೧೨. ಕಾಗದದಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ್ದು.

ಮೈದುನ,

ಬರೆಯುವುದಿತ್ತು ಅಂದೆನಲ್ಲ, ಅದು ಇದು. ಫೆಬ್ರವರಿ ಇಪ್ಪತ್ತೈದಕ್ಕೆ ಆಸ್ಪತ್ರೆಯ ಸಲಹೆಗಾರ್ತಿ ನನ್ನೊಬ್ಬಳನ್ನೇ ಒಳಗೆ ಕರೆದರು. ನಿಮ್ಮಣ್ಣ ಹೊರಗೆ ಬೆಂಚಿನ ಮೇಲೆ ಕಡ್ಡಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದರು. ಆಯಮ್ಮ ಬಾಗಿಲು ಹಾಕಿ, ನೀರು ಕೊಟ್ಟು, ದನಿ ತಗ್ಗಿಸಿ ಕೇಳಿದರು: "ನೋಡಮ್ಮ, ನಿಮ್ಮ ಯಜಮಾನರ ಹೆಸರಿನಲ್ಲಿ ಮೊದಲೇ ಇರುವ ದಾಖಲೆ ಪ್ರಕಾರ ಅವರಿಗೆ ಹುಟ್ಟಿನಿಂದಲೇ ವೀರ್ಯ ಸಾಗುವ ನಾಳ ಇಲ್ಲ. ಸಹಜವಾಗಿ ಅವರಿಗೆ ಮಕ್ಕಳಾಗೋಕೆ ಸಾಧ್ಯವಿಲ್ಲ. ಈಗ ಬಂದು ರಕ್ತ ಕೊಡ್ತಿರೋರು ಯಾರು? ನೀವು ನನ್ನ ಹತ್ರ ಏನಾದ್ರೂ ಹೇಳೋದಿದ್ಯಾ?"

ಅವರು ಅದನ್ನು ನನಗೆ ಹೇಳಬಾರದಿತ್ತೇನೋ. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನನ್ನ ಕೈಮೇಲೆ ಕೈ ಕೂಡ ಇಟ್ಟರು. ನಾನು ಏನೂ ಇಲ್ಲ ಎಂದೆ. ಅವರು ನಂಬಲಿಲ್ಲ. ಹೊರಗೆ ಬಂದಾಗ ನಿಮ್ಮಣ್ಣ, "ಏನಂತೆ" ಎಂದರು. ಹೆಸರಿನ ಗೊಂದಲ ಎಂದೆ. ಇವತ್ತಿನವರೆಗೂ ಅವರಿಗೆ ಅಷ್ಟೇ ಗೊತ್ತು.

ಕಂಪನಿಯ ತಪಾಸಣೆಯಲ್ಲಿ ಯಾರೂ ಆ ನಾಳವನ್ನು ಹುಡುಕುವುದಿಲ್ಲ. ಸೊಂಟನೋವಿಗೂ ಹುಡುಕುವುದಿಲ್ಲ. ಆ ದಾಖಲೆಯಲ್ಲಿರುವ ಗಂಡಸು ನೀನು.

ಇದನ್ನು ನನ್ನಿಂದ ಮುಚ್ಚಿಟ್ಟದ್ದಕ್ಕೆ ಸಿಟ್ಟಿಲ್ಲ. ನನ್ನ ತಮ್ಮನೇ ಆಗಿದ್ದರೂ ಅಕ್ಕನ ಹತ್ತಿರ ಹೇಳುವ ಮಾತಲ್ಲ. ಕೇಳಿ ನಿನಗಾಗಿ ಮರುಗಿದೆ. ಆದರೆ ನೀನು ಅದನ್ನು ಮುಚ್ಚಿಟ್ಟ ಒಂದು ತಿಂಗಳಲ್ಲಿ ನನ್ನ ಮಗಳು ಐನೂರು ಗ್ರಾಂ ಇಳಿದಿದ್ದಾಳೆ. ಉಗುರಿನ ತುದಿ ನೀಲಿಯಾಗುತ್ತಿದೆ. ನಿನ್ನೆ ಕೆಮ್ಮುತ್ತಾ ಕೆಮ್ಮುತ್ತಾ ಪಕ್ಕೆ ಹಿಡಿದುಕೊಂಡು, "ಅಮ್ಮಾ, ಡೋಲು ಹರಿದುಹೋಯ್ತು" ಎಂದಳು.

ನೀನು ಆ ಕೇಂದ್ರಕ್ಕೆ ಹೋಗಿ, ಈ ಹೆಸರು ನನ್ನದಲ್ಲ, ನನ್ನ ಅಣ್ಣನದು ಎಂದು ಬರೆದುಕೊಡಬೇಕು. ಅದನ್ನು ಬರೆದರೆ ಏನಾಗುತ್ತದೆ ಎಂದು ತಿಳಿದೇ ಕೇಳುತ್ತಿದ್ದೇನೆ.

ಅತ್ತಿಗೆ

ಮಾರ್ಚ್ ೧೩. ಧ್ವನಿ.

ಹೇಗೆ ಶುರು ಮಾಡ್ಲಿ. ನಾಲ್ಕು ಸಲ ಮಾತಾಡಿ ಅಳಿಸ್ದೆ.

ನಿಮ್ಮ ಮುಖ ಕಾಣಲ್ಲ, ಅದೊಂದು ಪುಣ್ಯ. ಹೇಳ್ತೀನಿ, ಕೇಳಿ. ಎರಡು ವರ್ಷದಿಂದ ನಾವು ಮಗು ಬೇಕು ಅಂತ ಕಾದ್ವಿ, ಅವಳಿಗೆ ಏನೋ ತೊಂದ್ರೆ ಇರಬೇಕು ಅಂತ ಮೊದಲು ಅವಳನ್ನೇ ಕರ್ಕೊಂಡು ಹೋದೆ. ನಾಚಿಕೆ ಆಗ್ಬೇಕು ನಂಗೆ. ಅವಳದೆಲ್ಲ ಸರಿ ಇತ್ತು. ಆಮೇಲೆ ನನ್ನ ನೋಡಿದ್ರು. ಡಾಕ್ಟ್ರು ಒಬ್ಬ ಹುಡುಗ, ನನಗಿಂತ ಚಿಕ್ಕೋನು, ಕೈಯಲ್ಲಿ ಮುಟ್ಟಿ ನೋಡಿ ಕೈಗವಸು ಕಳಚ್ದ. ಏನು ಸ್ವಾಮಿ ಅಂದೆ. ಬಾಯ್ಲರ್ ಕೆಲಸ ಅಂತ ಹೇಳಿದ್ನಲ್ಲ, ಅದೇ ಭಾಷೇಲಿ ಹೇಳ್ದ. "ಟ್ಯಾಂಕ್ ಇದೆ, ಟ್ಯಾಂಕಲ್ಲಿ ನೀರೂ ಇದೆ, ನಲ್ಲೀನೂ ಇದೆ. ಮಧ್ಯದ ಪೈಪೇ ಹಾಕಿಲ್ಲ." ಎರಡೂ ಕಡೆ ಇಲ್ಲ ಅತ್ತಿಗೆ. ನಾನು ನಕ್ಕುಬಿಟ್ಟೆ. ಬಾಯ್ಲರ್ ಕೆಲಸದೋನಿಗೇ ಪೈಪ್ ಇಲ್ಲ ಅಂದ್ರೆ ನಗದೆ ಏನ್ಮಾಡೋದು.

ರಕ್ತ ತೆಗೆದು ಆ ಕೇಂದ್ರಕ್ಕೆ ಕಳಿಸಿದ್ರು. ನನ್ನಲ್ಲಿ ಒಂದು ದೊಡ್ಡ ತಪ್ಪು, ಒಂದು ಸಣ್ಣ ತಪ್ಪು ಇದೆಯಂತೆ. ಎರಡೂ ದೊಡ್ಡವಾಗಿದ್ರೆ ಎದೆಗೆ ಬರ್ತಿತ್ತು, ಕಡ್ಡಿ ಹಾಗೆ. ಒಂದು ಸಣ್ಣದಾದ್ರಿಂದ ಪೈಪಿಗೆ ಮಾತ್ರ ಬಂತು. ಅದೇ ದೊಡ್ಡ ತಪ್ಪು ಅಣ್ಣಂಗೂ ಬಂದಿದೆ, ಅವನಿಂದ ಕಡ್ಡಿಗೆ ಹೋಗಿದೆ. ಅಲ್ಲಿಯ ಸಂಶೋಧಕಿ ಒಬ್ರು, ಬಿಳೀ ಕೂದಲಿನೋರು, ಕೂರಿಸ್ಕೊಂಡು ಕೇಳಿದ್ರು, "ನಿಮ್ಮ ಮನೇಲಿ ಯಾವ ಮಗುವಿಗಾದ್ರೂ ಕೆಮ್ಮು ಬಿಡದೆ ಇದ್ಯಾ, ಬೆವರು ಉಪ್ಪುಪ್ಪು ಇದ್ಯಾ?" ಇಲ್ಲ ಅಂದೆ. ಅತ್ತಿಗೆ, ನಂಗೆ ಕಡ್ಡಿ ನೆನಪಾಗಿತ್ತು. ಆ ಗಳಿಗೇಲೇ ನೆನಪಾಗಿತ್ತು. ಹೂಂ ಅಂದ್ರೆ ಅಣ್ಣನ ವಿಷಯ ಕೇಳ್ತಾರೆ, ಅಣ್ಣನ ಹೆಸರು ಕೇಳ್ತಾರೆ, ನನ್ನದೂ ಅದೇ ಹೆಸರು ಅಂತ ಹೇಳೋದು ಹೇಗೆ? ಜನವರಿಲೇ ನಾನು ಬಾಯಿ ಬಿಟ್ಟಿದ್ರೆ ನಿಮಗೆ ಕಾಯಿಲೆ ಹೆಸರು ಅವತ್ತೇ ಗೊತ್ತಾಗ್ತಿತ್ತು.

ಇನ್ನೊಂದು ಹೇಳ್ಬೇಕು. ಏಪ್ರಿಲ್ ಎರಡಕ್ಕೆ ನನಗೆ ದಿನ ಕೊಟ್ಟಿದಾರೆ. ಸೂಜಿಲಿ ನೇರ ಟ್ಯಾಂಕಿಂದಾನೇ ತೆಗೀತಾರಂತೆ, ಆಮೇಲೆ ಲ್ಯಾಬಲ್ಲಿ ಇಸ್ತ್ರಿಯ ಅಂಡದ ಜೊತೆ ಸೇರಿಸ್ತಾರೆ. ಅವಳ ರಕ್ತ ನೋಡಿದಾರೆ, ಅವಳಲ್ಲಿ ಯಾವ ತಪ್ಪೂ ಇಲ್ಲ. ಅವಳು ಮೂರು ವಾರದಿಂದ ಹೊಟ್ಟೆಗೆ ಚುಚ್ಚಿಸ್ಕೊಳ್ತಿದಾಳೆ, ಹೊಟ್ಟೆಯೆಲ್ಲ ನೀಲಿ ಗುರುತು. ಒಂದೇ ಸಲ ಅವಕಾಶ, ಸಾಲಲ್ಲಿ ಎಷ್ಟೋ ಜನ ಇದಾರೆ. ನಾನು ನಾನಲ್ಲ ಅಂತ ಬರೆದುಕೊಟ್ಟ ದಿನವೇ ನನ್ನ ಹಿಡಿದು ಕೂರಿಸ್ತಾರೆ, ಆಮೇಲೆ ಗಡಿ ದಾಟಿಸ್ತಾರೆ. ಇಸ್ತ್ರಿಗೆ ನನ್ನ ನಿಜವಾದ ಹೆಸರು ಗೊತ್ತಿಲ್ಲ. ಅವಳು ನಿದ್ದೇಲಿ ಕನವರಿಸೋದೂ ಅಣ್ಣನ ಹೆಸರೇ. ಪಕ್ಕದಲ್ಲಿ ಮಲಗಿ ಕೇಳ್ತಿರ್ತೀನಿ.

ಒಂದು ಉಪಾಯ ಇದೆ. ನನ್ನ ರಕ್ತವೇ ತಂದೆಯದು ಅಂತ ಇರ್ಲಿ. ಆ ದೊಡ್ಡ ತಪ್ಪು ನನ್ನಲ್ಲೂ ಇದೆಯಲ್ಲ, ಕಡ್ಡಿಗೆ ಹೊಂದುತ್ತೆ. ಅಣ್ಣ ಕೊಟ್ಟಿದ್ದನ್ನ ವಾಪಸ್ ತಗೊಳ್ಳಲಿ. ಮಗು ಹೇಗಾಯ್ತು ಅಂದ್ರೆ, ಇದೇ ತರ ಸೂಜಿ ಚಿಕಿತ್ಸೆಲಿ ಆಯ್ತು ಅನ್ನಿ. ಯೋಚನೆ ಮಾಡಿ ಅತ್ತಿಗೆ. ಯಾರಿಗೂ ಏನೂ ಆಗಲ್ಲ.

ಮಾರ್ಚ್ ೧೮. ಕಾಗದದಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ್ದು.

ಮೈದುನ,

ನಿನ್ನ ಉಪಾಯವನ್ನು ನಾನು ನಿನಗಿಂತ ಮೊದಲೇ ಯೋಚಿಸಿದ್ದೆ. ಅದಕ್ಕಿಂತ ಕೆಟ್ಟದ್ದನ್ನೂ ಯೋಚಿಸಿದ್ದೆ. ಸಲಹೆಗಾರ್ತಿಯ ಹತ್ತಿರ ಹೋಗಿ, "ಮಗು ನನ್ನ ಗಂಡನದಲ್ಲ ಅಂತ ನಾನೇ ಬರೆದುಕೊಟ್ರೆ ಸೇರಿಸ್ಕೊಳ್ತೀರಾ" ಎಂದು ಕೇಳಿದೆ. ಆ ಮಸಿ ಬಳಿದುಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಆಯಮ್ಮ, "ಹಾಗಾದ್ರೆ ಆ ಇನ್ನೊಬ್ಬರ ರಕ್ತ, ಅವರ ಗುರುತಿನ ಚೀಟಿ ಬೇಕಾಗುತ್ತಮ್ಮ" ಎಂದರು. ಸೂಜಿ ಚಿಕಿತ್ಸೆ ಎಂದರೆ ಅದನ್ನು ಮಾಡಿದ ಆಸ್ಪತ್ರೆಯ ಕಾಗದ ಬೇಕು. ಸುಳ್ಳಿಗೂ ಅವರಲ್ಲಿ ಒಂದೊಂದು ಅರ್ಜಿ ಇದೆ. ನಿಜಕ್ಕೆ ಒಂದೇ.

ನಿಮ್ಮಣ್ಣನಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ತಡೆದುಕೊಳ್ಳಲಾಗಲಿಲ್ಲ. ಅವರು ಚಪ್ಪಲಿಯ ಉಂಗುಷ್ಟ ಸರಿಮಾಡುತ್ತಾ ಕೂತರು. ಆಮೇಲೆ, "ಅವನನ್ನ ಕೇಳಬೇಡ" ಎಂದರು. "ಅವನಿಗೂ ಅದೊಂದೇ ಸಲ ಅಂತಿದ್ದೀಯಲ್ಲ. ನಾನೇ ಕಳಿಸ್ದೋನು. ಕಳಿಸುವಾಗ ಹೆಸರು ವಾಪಸ್ ಕೊಡು ಅಂತ ಹೇಳಿರಲಿಲ್ಲ." ನಾನು, "ಹೆಸರು ನಿಮ್ಮದು, ಕೊಟ್ಟವರು ನೀವು. ಮಗಳು ನನ್ನವಳೂ ಹೌದು" ಎಂದೆ. ನಮ್ಮ ಮದುವೆಯಾದ ಮೇಲೆ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು.

ಅವರು ಕೇಳಬೇಡ ಎಂದದ್ದನ್ನು ನಾನು ಕೇಳುತ್ತಿದ್ದೇನೆ. ಏಪ್ರಿಲ್ ಹತ್ತು ಗಡುವು. ಕಾಗದ ಓಡಾಡಲು ಒಂದು ವಾರ ಬೇಕು. ಎರಡನೇ ತಾರೀಕಿನವರೆಗೆ ನೀನು ಕಾದರೆ ಅದೂ ಆಗಬಹುದು, ಇದೂ ಆಗಬಹುದು ಎಂದು ನಾನೂ ಲೆಕ್ಕ ಹಾಕಿದೆ. ಆದರೆ ಅವಳು ಅಲ್ಲಿಯವರೆಗೆ ಕಾಯುವ ಹಾಗೆ ಕಾಣುವುದಿಲ್ಲ. ಒಂಬತ್ತು ಕಿಲೋ ಏಳುನೂರು. ರಾತ್ರಿ ಮೂಗಿಗಿಡಲು ಮನೆಗೇ ಆಮ್ಲಜನಕದ ಕೊಳವೆ ಕೊಟ್ಟಿದ್ದಾರೆ. ಸೋಂಕು ತಗುಲಿ ಆಸ್ಪತ್ರೆಯಲ್ಲೇ ಉಳಿದುಬಿಟ್ಟರೆ ಮಾತ್ರೆಯ ಪರೀಕ್ಷೆಗೆ ಸೇರಿಸಿಕೊಳ್ಳುವುದಿಲ್ಲ.

ನಾಳೆಯೇ ಹೋಗು.

ಅತ್ತಿಗೆ

ಮಾರ್ಚ್ ೨೦. ಧ್ವನಿ.

ನಿಮಗೆ ಅದು ಒಂದು ಸಾಲು ಅತ್ತಿಗೆ. ನಾಳೆಯೇ ಹೋಗು. ಬರೆದು, ಫೋಟೊ ತೆಗೆದು, ಕಳಿಸಿಬಿಟ್ರಿ. ನಾನು ಹೋಗ್ಬೇಕು. ನನ್ನ ಮನೆ, ನನ್ನ ಕೆಲಸ, ನನ್ನ ಪಕ್ಕ ಮಲಗಿರೋಳು, ಅವಳ ಹೊಟ್ಟೆ ಮೇಲಿನ ನೀಲಿ ಗುರುತು, ಎಲ್ಲ ಬಿಟ್ಟು ಹೋಗಿ, ಕೈ ಮುಂದೆ ಚಾಚಿ, ಹಾಕಿ ಸ್ವಾಮಿ ಬೇಡಿ ಅನ್ಬೇಕು. ನನಗೂ ಒಂದು ಮಗು ಬೇಕು ಅಂತ ಅನ್ನಿಸ್ಬಾರದಾ? ಕಡ್ಡಿ ನಿಮ್ಮ ಮಗಳು, ಸರಿ. ನನ್ನ ಮಗು ಇನ್ನೂ ಹುಟ್ಟಿಲ್ಲ, ಅದಕ್ಕೇ ಅದು ಲೆಕ್ಕಕ್ಕಿಲ್ಲ.

ಹದಿಮೂರು ದಿನ. ಬರೀ ಹದಿಮೂರು ದಿನ ಕೇಳ್ತಿದೀನಿ. ಎರಡನೇ ತಾರೀಕು ಸೂಜಿ ಆಗ್ಲಿ, ಮೂರಕ್ಕೆ ನಾನೇ ಹೋಗ್ತೀನಿ. ಅಷ್ಟರಲ್ಲಿ ಅವಳಿಗೇನೂ ಆಗಲ್ಲ. ಮಕ್ಕಳು ಗಟ್ಟಿ ಇರ್ತಾರೆ.

ಇದಕ್ಕೆ ಉತ್ತರ ಬರೀಬೇಡಿ.

ಮಾರ್ಚ್ ೨೯. ಫೋನಿನಲ್ಲಿ ಬರೆದ ಸಂದೇಶ.

ಸಿಟ್ಟು ಮಾಡಿಕೊಂಡಿಲ್ಲ. ನೀನು ಎಲ್ಲಿಗೂ ಹೋಗಬೇಡ, ಈಗ ಅವಸರವಿಲ್ಲ. ಎರಡನೇ ತಾರೀಕಿನ ಕೆಲಸ ಮುಗಿಸಿಕೊ. ಇಸ್ತ್ರಿಯನ್ನು ಚೆನ್ನಾಗಿ ನೋಡಿಕೊ.

ಮಾರ್ಚ್ ೨೯. ಅಂಚೆಯಲ್ಲಿ ಕಳಿಸಿದ್ದು.

ಮೈದುನ,

ಇದನ್ನು ಫೋಟೊ ತೆಗೆದು ಕಳಿಸುತ್ತಿಲ್ಲ. ಅಂಚೆಗೆ ಹತ್ತು ಹದಿನೈದು ದಿನ ಹಿಡಿಯುತ್ತದೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಎರಡನೇ ತಾರೀಕು ಕಳೆದಿರಲಿ ಎಂದೇ ಅಂಚೆಗೆ ಹಾಕುತ್ತಿದ್ದೇನೆ. ಅಲ್ಲಿಯವರೆಗೆ ನಿನಗೆ ಯಾರೂ ಹೇಳಬಾರದು ಎಂದು ಮನೆಯಲ್ಲಿ ಮಾತಾಗಿದೆ.

ಕಡ್ಡಿ ಇಪ್ಪತ್ತಾರಕ್ಕೆ ಹೋದಳು. ಬೆಳಿಗ್ಗೆ ಹತ್ತೂವರೆಗೆ. ಇಪ್ಪತ್ತೊಂದಕ್ಕೆ ಜ್ವರ ಬಂತು, ಇಪ್ಪತ್ತೆರಡಕ್ಕೆ ಸೇರಿಸಿದೆವು. ಮುಂಚಿನ ದಿನ ಒಂದು ಚಮಚ ಗಂಜಿ ಕುಡಿದು, ಸಾಕಮ್ಮ, ನಾಳೆಗಿರಲಿ ಎಂದಿದ್ದಳು.

ಸಿಟ್ಟಿಲ್ಲ ಎಂದು ಫೋನಿನಲ್ಲಿ ಬರೆದೆ. ಇಲ್ಲಿ ಹಾಗೆ ಬರೆಯಲಾರೆ. ನೀನು ಕೇಳಿದ ಹದಿಮೂರು ದಿನದಲ್ಲಿ ಅವಳಿಗೆ ಆರೇ ದಿನ ಇತ್ತು. ನೀನು ಹತ್ತೊಂಬತ್ತಕ್ಕೇ ಹೋಗಿದ್ದರೂ ಮಾತ್ರೆ ಇಷ್ಟು ಬೇಗ ಸಿಗುತ್ತಿರಲಿಲ್ಲ, ಅದನ್ನು ಡಾಕ್ಟರೇ ಹೇಳಿದರು. ಜನವರಿಯಲ್ಲಿ ನೀನು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಅವರನ್ನು ಕೇಳಲಿಲ್ಲ. ಉತ್ತರ ಬೇಡವಾಗಿತ್ತು.

ನಿಮ್ಮಣ್ಣ ಬೆಳಿಗ್ಗೆ ಎದ್ದ ಕೂಡಲೇ ಮರೆತು ಅವಳ ಬೆನ್ನು ತಟ್ಟಲು ಕೈ ಬಟ್ಟಲು ಮಾಡಿಕೊಂಡು ಬರುತ್ತಾರೆ. ಮೂರು ದಿನದಿಂದ ಹೀಗೆ. ಅವರೇ ಕೈ ಇಳಿಸಿ ಹೋಗುತ್ತಾರೆ.

ನಾನು ಮಾಡಬೇಕಾದ ಲೆಕ್ಕ ಇನ್ನು ಒಂದೇ. ಎರಡು ಮಕ್ಕಳಲ್ಲಿ ಒಂದು ಹೋಯಿತು. ಇನ್ನೊಂದು ಹುಟ್ಟುವುದಾದರೆ ಹುಟ್ಟಲಿ. ನಾನು ಇವತ್ತು ನಿನಗೆ ಹೇಳಿದರೆ ನೀನು ಸೂಜಿಯ ಹತ್ತಿರ ಹೋಗುವವನಲ್ಲ, ಗೊತ್ತು. ಅದಕ್ಕೇ ಸುಮ್ಮನಿದ್ದೇನೆ. ನಿನ್ನ ಗುಟ್ಟನ್ನು ನಿಮ್ಮಣ್ಣ ಯಾರಿಗೂ ಹೇಳುವುದಿಲ್ಲ. ಕಡತ ಮುಚ್ಚಿದೆ. ಇನ್ನು ಯಾರೂ ಆ ಎರಡು ರಕ್ತದ ವಿಷಯ ಕೇಳುವುದಿಲ್ಲ. ಆ ಹೆಸರಿನಲ್ಲಿ ನೀನು ಅಲ್ಲಿ ನೆಮ್ಮದಿಯಾಗಿರಬಹುದು.

ಅತ್ತಿಗೆ

ಏಪ್ರಿಲ್ ೨. ಧ್ವನಿ.

ಅತ್ತಿಗೆ, ಇದು ನನ್ನ ಫೋನಿಂದ ಕೊನೇ ಧ್ವನಿ, ಇನ್ನೈದು ನಿಮಿಷಕ್ಕೆ ತಗೊಳ್ತಾರೆ. ಪಕ್ಕದಲ್ಲಿ ಒಬ್ಬ ಪೇದೆ ಕೂತಿದಾನೆ, ಪಾಪ, ಒಳ್ಳೇವನು, ಮಾತಾಡ್ಕೋ ಅಂದ. ಅಳಬೇಡಿ, ಮೊದಲು ಪೂರ್ತಿ ಕೇಳಿ.

ನಾನು ಸೂಜಿಗೆ ಹೋಗ್ಲಿಲ್ಲ. ಕೇಂದ್ರಕ್ಕೆ ಹೋದೆ.

ನಾಲ್ಕು ದಿನದಿಂದ ನಿಮ್ಮ ಆ ಎರಡು ಸಾಲು ನನ್ನ ತಿಂತಾ ಇತ್ತು. ಬೈದಿದ್ರೆ ತಡ್ಕೊಳ್ತಿದ್ದೆ. ನಾನು ಅಷ್ಟೆಲ್ಲ ಕೆಟ್ಟ ಮಾತಾಡಿದ್ಮೇಲೂ ನೀವು ಅವಸರವಿಲ್ಲ ಅಂದ್ರಿ, ಇಸ್ತ್ರಿಯನ್ನ ಚೆನ್ನಾಗಿ ನೋಡ್ಕೋ ಅಂದ್ರಿ. ಹೆತ್ತ ಮಗಳ ಪಾಲು ನನಗೆ ಬಿಟ್ಟುಕೊಟ್ರಲ್ಲ, ಅದನ್ನ ಹೇಗೆ ತಗೊಳ್ಲಿ? ಹಾಗೆ ಬಂದ ಮಗು ಮುಖ ಹೇಗೆ ನೋಡ್ಲಿ?

ನಿನ್ನೆ ಇಸ್ತ್ರಿಗೆ ಎಲ್ಲ ಹೇಳ್ದೆ. ನನ್ನ ಹೆಸರು ಹೇಳ್ದೆ. ಅವಳು ಒಂದು ಸಲ ಬಾಯಲ್ಲಿ ಅಂದು ನೋಡಿದ್ಲು, ಯಾರೋ ಬೇರೆಯವರ ಹೆಸರು ಹೇಳೋ ಹಾಗೆ. ಆಮೇಲೆ ಸೂಜಿಗಳ ಡಬ್ಬಿ ತಗೊಂಡು ಕಸದ ಬುಟ್ಟಿಗೆ ಹಾಕಿ, ತನ್ನ ಬಟ್ಟೆ ಜೋಡಿಸ್ಕೊಂಡ್ಲು. ಬಾಗಿಲ ಹತ್ರ ನಿಂತು, "ಮಗುವಿಗೆ ವಾಸಿಯಾಗ್ಲಿ" ಅಂದ್ಲು. ಹೋದ್ಲು.

ಆ ಬಿಳೀ ಕೂದಲಿನೋರ ಮುಂದೆ ಕೂತು ಬರೆದುಕೊಟ್ಟೆ. ಈ ಹೆಸರು ನನ್ನಣ್ಣಂದು, ಈ ರಕ್ತ ನಂದು, ಆ ರಕ್ತ ಅವನದು, ಆ ಮಗು ಅವನದೇ ಅಂತ. ಅತ್ತಿಗೇಗೆ ಯಾರೂ ಇನ್ನು ಬಾಗಿಲು ಹಾಕಿ ಪ್ರಶ್ನೆ ಕೇಳಬಾರದು ಅಂತಾನೂ ಬರೀಲಾ ಅಂದೆ. ಅವರು, "ಅದಕ್ಕೆ ಜಾಗ ಇಲ್ಲ, ಆದ್ರೆ ಬರೀರಿ" ಅಂದ್ರು. ಕೆಳಗೆ ನನ್ನ ಹೆಸರಲ್ಲಿ ಸಹಿ ಹಾಕೋಕೆ ಹೋದ್ರೆ ಕೈಯೇ ಓಡಲಿಲ್ಲ, ನಾಲ್ಕು ವರ್ಷದಿಂದ ಅಭ್ಯಾಸ ಇಲ್ಲವಲ್ಲ. ಅಕ್ಷರ ಮಗು ಬರೆದಂಗೆ ಬಂತು. ಅಲ್ಲಿಂದ ನಾನೇ ಪೊಲೀಸ್ ಠಾಣೆಗೆ ನಡ್ಕೊಂಡು ಬಂದೆ. ಎರಡೇ ಬೀದಿ.

ಅವರು ಇವತ್ತೇ ಕಾಗದ ಕಳಿಸ್ತೀನಿ ಅಂದಿದಾರೆ. ಎಂಟನೇ ತಾರೀಕಿನೊಳಗೆ ನಿಮ್ಮ ಆಸ್ಪತ್ರೆ ಸೇರುತ್ತೆ, ಹತ್ತಕ್ಕೆ ಇನ್ನೂ ಎರಡು ದಿನ ಇರುತ್ತೆ. ಮಗುವಿನ ಕಡತ ಹುಡುಕಿ, ಯಾವ ಸ್ಥಿತೀಲಿದೆ ಅಂತ ನಾಳೆ ನೋಡ್ತೀನಿ ಅಂದ್ರು. ಅಣ್ಣಂಗೆ ಹೇಳಿ, ಹೆಸರು ವಾಪಸ್ ಕೊಟ್ಟಿದೀನಿ ಅಂತ. ಅಲ್ಲಲ್ಲಿ ಸ್ವಲ್ಪ ಸವೆದಿದೆ, ಅಷ್ಟೇ.

ಇಲ್ಲಿ ವಾರಕ್ಕೊಂದು ಸಲ, ಗುರುವಾರ, ಹತ್ತು ನಿಮಿಷ ಮಾತಾಡೋಕೆ ಬಿಡ್ತಾರಂತೆ. ಗೋಡೆಗೆ ನೇತುಹಾಕಿರೋ ಫೋನು, ನಂಬರು ಈಗ ಬರೆದು ಕಳಿಸ್ತೀನಿ. ನಾವು ಮಾಡೋಹಾಗಿಲ್ಲ, ನೀವೇ ಮಾಡ್ಬೇಕು. ನಿಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. ಕಡ್ಡಿ ಮಲಗೋ ಹೊತ್ತು ಅಂತ ಗೊತ್ತು, ಅವತ್ತೊಂದು ದಿನ ಎಬ್ಬಿಸಿಟ್ಕೊಳಿ, ನೀವು ಅಣ್ಣ ಆಮೇಲೆ ಮಾತಾಡಿ, ಮೊದಲು ಫೋನು ಅವಳ ಕೈಗೆ ಕೊಡಿ. ಗುರುವಾರ, ಏಳೂವರೆಗೆ.